ನಾಲ್ವರು ಸಹೋದರರು, ಒಬ್ಬ ಗುರು

ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಿಗೆ ಒಂದು ಕಳೆ ಬರುತ್ತದೆ. ಮಳೆಗಾಲದಲ್ಲಿ ಸೊಂಪಾಗಿ ಬೆಳೆದ ಹುಲ್ಲನ್ನು ಸವರಿ, ಶಿಲುಬೆಗಳಿಗೆ ಸುಣ್ಣ ಬಳಿದು, ಮೇಣದ ಬತ್ತಿಗಳನ್ನು ಹೊತ್ತಿಸಿ, ಸಕಲ ಮೃತರ ಸ್ಮರಣೆಯಂದು ಮನೆಮಂದಿಯೆಲ್ಲ ತಮ್ಮವರ ಗೋರಿಯ ಬಳಿ ನಿಂತು ಪ್ರಾರ್ಥಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ದಿನದ ಬಲಿಪೂಜೆಗೆಂದು ಜನರು ಚೀಟಿಗಳಲ್ಲಿ ಬರೆದುಕೊಡುವ ಹೆಸರುಗಳನ್ನು ಓದುವಾಗ, ಅವುಗಳಲ್ಲಿ ಕೆಲವಕ್ಕೆ ನಮ್ಮ ಸಮಾಧಿಭೂಮಿಯಲ್ಲಿ ಗೋರಿಯೇ ಇಲ್ಲವೆಂಬುದು ಅರಿವಿಗೆ ಬರುತ್ತದೆ. ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗಿ ಅಲ್ಲಿಯೇ ಮಣ್ಣಾದವರು ಕೆಲವರು. ಸಮವಸ್ತ್ರ ತೊಟ್ಟು ಗಡಿಗೆ ಹೋಗಿ ಹಿಂದಿರುಗದವರು ಇನ್ನು ಕೆಲವರು. ಗೋರಿಯಿಲ್ಲದ ಮಗನಿಗೆ ತಾಯಿಯಾದವಳು ಮೇಣದ ಬತ್ತಿಯನ್ನು ಎಲ್ಲಿ ಹೊತ್ತಿಸಬೇಕು? ಸಾಮಾನ್ಯವಾಗಿ ದೊಡ್ಡ ಶಿಲುಬೆಯ ಬುಡದಲ್ಲಿ ಹೊತ್ತಿಸುತ್ತಾಳೆ. ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಈ ವಾರ ಅಂತಹ ಒಂದು ಕುಟುಂಬದ ಕಥೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ಕುಟುಂಬ ನಮ್ಮ ನಾಡಿನದಲ್ಲ. ಆದರೆ ಆ ಮನೆಯ ಒಬ್ಬ ಮಗನ ಕಥೆ ನಮ್ಮ ದೇಶದ ಹೊಸ್ತಿಲಿನವರೆಗೂ ಬಂದು ಹೋಗಿದೆ. ಅಲ್ಲದೆ ಆ ಕಥೆಯ ನಡುವೆ ಒಬ್ಬ ಕಥೋಲಿಕ ಗುರುವಿದ್ದಾರೆ. 1998ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ 'ಸೇವಿಂಗ್ ಪ್ರೈವೇಟ್ ರಯಾನ್' ಎಂಬ ಚಲನಚಿತ್ರವನ್ನು ನಮ್ಮ ಯುವಜನರಲ್ಲಿ ಹಲವರು ನೋಡಿರಬಹುದು. ಮೂವರು ಸಹೋದರರನ್ನು ಯುದ್ಧದಲ್ಲಿ ಕಳೆದುಕೊಂಡ ಸೈನಿಕನೊಬ್ಬನನ್ನು ಹುಡುಕಿ ಮನೆಗೆ ಕಳುಹಿಸಲು ಒಂದು ತುಕಡಿ ಪ್ರಾಣವನ್ನೇ ಪಣವಾಗಿಡುವ ಕಥೆ ಅದು. ಆ ಚಿತ್ರಕ್ಕೆ ಪ್ರೇರಣೆಯಾದ ನಿಜ ಘಟನೆಯಲ್ಲಿ ಅಂತಹ ತುಕಡಿಯೇನೂ ಇರಲಿಲ್ಲ. ಇದ್ದದ್ದು ಒಂದು ಜೀಪು, ಕೆಲವು ಕಾಗದಪತ್ರಗಳು ಮತ್ತು ಒಬ್ಬ ಗುರು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ನಯಾಗರ ನದಿಯ ದಡದಲ್ಲಿ ಟೋನವಾಂಡ ಎಂಬ ಪಟ್ಟಣವಿದೆ. ಐರಿಷ್ ಮೂಲದ ಮೈಕಲ್ ನೈಲೆಂಡ್ ಮತ್ತು ಆಗಸ್ಟಾ ದಂಪತಿಗಳು ಅಲ್ಲಿ ಸಂಸಾರ ನಡೆಸಿದ್ದರು. ಅವರಿಗೆ ನಾಲ್ವರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳು. ಯುದ್ಧವೆಂಬುದು ಆ ಮನೆಗೆ ಹೊಸ ಮಾತೇನೂ ಆಗಿರಲಿಲ್ಲ. ತಂದೆ ಮೈಕಲ್ 1898ರ ಸ್ಪೇನ್-ಅಮೆರಿಕ ಯುದ್ಧದ ಅನುಭವಗಳನ್ನು ಮಕ್ಕಳಿಗೆ ಹೇಳಿ ಹೇಳಿ ಬೆಳೆಸಿದವರು. ಊಟದ ಮೇಜಿನಲ್ಲಿ ಅದೇ ಕಥೆಯನ್ನು ನೂರನೆಯ ಸಲ ಕೇಳುವ ಮಕ್ಕಳ ಮುಖಭಾವವನ್ನು ನಾವು ಊಹಿಸಿಕೊಳ್ಳಬಹುದು. ನಿವೃತ್ತ ಯೋಧರಿರುವ ಮನೆಗಳಿಗೆ ಭೇಟಿ ಕೊಡುವಾಗ ಆ ಮುಖಭಾವ ನಮಗೆ ಚಿರಪರಿಚಿತ.

ಎರಡನೆಯ ಮಹಾಯುದ್ಧ ಬಂದಾಗ ನಾಲ್ವರೂ ಗಂಡುಮಕ್ಕಳು ಸೇನೆಯಲ್ಲಿದ್ದರು. ಹಿರಿಯನಾದ ಎಡ್ವರ್ಡ್ ವಾಯುದಳದ ಬಿ-25 ಬಾಂಬರ್ ವಿಮಾನದ ಸಿಬ್ಬಂದಿಯಲ್ಲಿ ಒಬ್ಬ. ಎರಡನೆಯವನಾದ ಪ್ರೆಸ್ಟನ್ 4ನೆಯ ಪದಾತಿ ಡಿವಿಷನ್ನಿನ 22ನೆಯ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಮೂರನೆಯವನಾದ ರಾಬರ್ಟ್, ಮನೆಯವರ ಬಾಯಲ್ಲಿ ಬಾಬ್, 82ನೆಯ ಪ್ಯಾರಾಚೂಟ್ ಡಿವಿಷನ್ನಿನ 505ನೆಯ ರೆಜಿಮೆಂಟಿನಲ್ಲಿ ಸಾರ್ಜೆಂಟ್. ಕಿರಿಯನಾದ ಫ್ರೆಡ್ರಿಕ್, ಎಲ್ಲರಿಗೂ ಫ್ರಿಟ್ಜ್, 101ನೆಯ ಪ್ಯಾರಾಚೂಟ್ ಡಿವಿಷನ್ನಿನ 501ನೆಯ ರೆಜಿಮೆಂಟಿನಲ್ಲಿ ಸಾರ್ಜೆಂಟ್. ತಂದೆಯ ಹಳೆಯ ಯುದ್ಧದ ಕಥೆಗಳು ಇನ್ನು ಮೂಲೆ ಸೇರಬೇಕಾಗುತ್ತದೆ, ನಾನು ಹೊಸ ಕಥೆಗಳನ್ನು ಹೊತ್ತು ತರುತ್ತಿದ್ದೇನೆ ಎಂಬ ಅರ್ಥದಲ್ಲಿ ಫ್ರಿಟ್ಜ್ ಮನೆಗೆ ಪತ್ರ ಬರೆದಿದ್ದನಂತೆ. ಮುಂದೆ ಬರಸಿಡಿಲುಗಳು ಎರಗಿದಾಗ ತಾಯಿ ಆಗಸ್ಟಾಳಿಗೆ ಸಾಂತ್ವನವೆಂದು ಉಳಿದದ್ದು ಆ ತಮಾಷೆಯ ಪತ್ರವೇ ಎಂದು ಹೇಳುವುದುಂಟು.

ಮೊದಲ ಸಿಡಿಲು ಬಂದದ್ದು ನಮ್ಮ ದೇಶದ ಪಕ್ಕದಿಂದ. 1944ರ ಮೇ 16ರಂದು ಎಡ್ವರ್ಡ್‌ನ ವಿಮಾನವು ಬರ್ಮಾದ ಮೇಲೆ ಹೊಡೆದುರುಳಿಸಲ್ಪಟ್ಟಿತು. ಆತ ಪ್ಯಾರಾಚೂಟಿನಿಂದ ಇಳಿದು, ಕಾಡಿನಲ್ಲಿ ಅಲೆದು, ಕೊನೆಗೆ ಜಪಾನಿಯರ ಕೈಗೆ ಸಿಕ್ಕಿಬಿದ್ದನು. ಟೋನವಾಂಡದ ಮನೆಗೆ ಇದಾವುದೂ ತಿಳಿಯಲಿಲ್ಲ. 'ಕಾಣೆಯಾಗಿದ್ದಾನೆ' ಎಂಬ ಒಂದೇ ಸುದ್ದಿ. ಅದೇ ಮೇ ತಿಂಗಳಿನಲ್ಲಿ ಕೊಹಿಮಾ ಮತ್ತು ಇಂಫಾಲದ ಬೆಟ್ಟಗಳಲ್ಲಿ ನಮ್ಮ ಭಾರತೀಯ ಸೈನಿಕರು ಅದೇ ಜಪಾನಿ ಸೇನೆಯೊಡನೆ ಹೋರಾಡುತ್ತಿದ್ದರೆಂಬುದನ್ನು ಓದುಗರು ಜ್ಞಾಪಿಸಿಕೊಳ್ಳಬೇಕು. ಆ ಯುದ್ಧದಲ್ಲಿ ಭಾರತೀಯ ಸೇನೆಯ ಬಲ 25 ಲಕ್ಷಕ್ಕೆ ಏರಿತ್ತು. ಒತ್ತಾಯದ ಭರ್ತಿಯಿಲ್ಲದೆ ಇಷ್ಟು ಜನ ಸೇರಿದ್ದರೆಂಬುದು ಇತಿಹಾಸಕಾರರು ಇಂದಿಗೂ ಎತ್ತಿ ಹೇಳುವ ಸಂಗತಿ. ಅವರನ್ನು ಸೇನೆಗೆ ತಳ್ಳಿದ್ದರಲ್ಲಿ ದೇಶಪ್ರೇಮ ಎಷ್ಟು, ಬಡತನ ಎಷ್ಟು ಎಂಬುದು ಬೇರೆ ಚರ್ಚೆ.

ಇನ್ನೆರಡು ಸಿಡಿಲುಗಳು ಫ್ರಾನ್ಸಿನಿಂದ ಬಂದವು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ಕರಾವಳಿಯಲ್ಲಿ ಇಳಿಯಿತು. ಹಿಂದಿನ ರಾತ್ರಿಯೇ ಪ್ಯಾರಾಚೂಟ್ ದಳಗಳು ಕತ್ತಲಿನಲ್ಲಿ ಧುಮುಕಿದ್ದವು. ಬಾಬ್‌ನ ಕಂಪನಿಗೆ ಸೇರಿದ, ಲೆಫ್ಟಿನೆಂಟ್ ಟರ್ನರ್ ಟರ್ನ್‌ಬುಲ್ ಎಂಬವನ ನಾಯಕತ್ವದ ಸುಮಾರು ನಲವತ್ತು ಮಂದಿಯ ಪುಟ್ಟ ತುಕಡಿಯನ್ನು ಸೇಂತ್ ಮೇರ್ ಎಗ್ಲೀಸ್ ಪಟ್ಟಣದ ಉತ್ತರಕ್ಕಿರುವ ನೋವಿಲ್ ಓ ಪ್ಲೇನ್ ಎಂಬ ಹಳ್ಳಿಗೆ ಕಳುಹಿಸಲಾಯಿತು. ತಮಗಿಂತ ಹಲವು ಪಟ್ಟು ದೊಡ್ಡದಾದ ಜರ್ಮನ್ ಪಡೆಯನ್ನು ಅವರು ದಿನದ ಬಹುಭಾಗ ತಡೆದು ನಿಲ್ಲಿಸಿದರು. ಆ ತಡೆಯಿಂದಾಗಿಯೇ ಪಟ್ಟಣ ಉಳಿಯಿತೆಂಬುದು ಸೇನಾ ಇತಿಹಾಸಕಾರರ ಅಭಿಪ್ರಾಯ. ಕೊನೆಗೆ ಹಿಂದೆ ಸರಿಯಲೇಬೇಕಾಯಿತು. ನಡೆಯಲಾರದ ಗಾಯಾಳುಗಳ ಬಳಿ ಒಬ್ಬ ವೈದ್ಯಸಹಾಯಕ ಸ್ವಇಚ್ಛೆಯಿಂದ ಉಳಿದುಕೊಂಡನು. ಉಳಿದವರು ಪಾರಾಗುವವರೆಗೆ ಶತ್ರುವನ್ನು ತಡೆಯಲು ಮೂವರು ಮುಂದೆ ಬಂದರು. ಆ ಮೂವರಲ್ಲಿ ಬಾಬ್ ನೈಲೆಂಡ್ ಒಬ್ಬನು. ಮೆಷಿನ್ ಗನ್ನಿನ ಹಿಂದೆಯೇ ಅವನು ಹತನಾದನು. ಇನ್ನಿಬ್ಬರು ಬದುಕುಳಿದರು.

ಪ್ರೆಸ್ಟನ್ 'ಯೂಟಾ' ಎಂಬ ಗುಪ್ತನಾಮದ ಕಡಲತೀರದಲ್ಲಿ ತನ್ನ ಡಿವಿಷನ್ನಿನೊಡನೆ ಇಳಿದನು. ಮರುದಿನ, ಜೂನ್ 7ರಂದು, ಕ್ರಿಸ್ಬೆಕ್ ಎಂಬಲ್ಲಿದ್ದ ಜರ್ಮನರ ಫಿರಂಗಿ ಠಾಣೆಯ ಸಮೀಪ ನಡೆದ ಕಾಳಗದಲ್ಲಿ ಮಡಿದನು. ಅಲ್ಲಿಗೆ 23 ದಿನಗಳೊಳಗೆ ಒಂದೇ ಮನೆಯ ಒಬ್ಬ ಮಗ ಕಾಣೆ, ಇಬ್ಬರು ಹತ. ಅಣ್ಣಂದಿರಿಬ್ಬರೂ ತನ್ನಿಂದ ಕೆಲವೇ ಮೈಲಿಗಳ ಆಚೆ ಸತ್ತು ಬಿದ್ದಿದ್ದಾರೆಂಬುದನ್ನು ಅರಿಯದೆ ಫ್ರಿಟ್ಜ್ ಅದೇ ನಾರ್ಮಂಡಿಯ ಹೊಲಗದ್ದೆಗಳ ನಡುವೆ ಹೋರಾಡುತ್ತಿದ್ದನು.

ನಮ್ಮ ಹಿರಿಯ ಓದುಗರಿಗೆ ತಂತಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಇಂದಿನ ಮಕ್ಕಳು ಅದನ್ನು ಕಂಡಿಲ್ಲ. ಅಂಚೆಯವನು ವೇಳೆಯಲ್ಲದ ವೇಳೆಯಲ್ಲಿ ಬಾಗಿಲು ತಟ್ಟಿದರೆ ಕಾಗದ ಬಿಚ್ಚುವ ಮೊದಲೇ ಮನೆಯಲ್ಲಿ ಅಳು ಕೇಳಿಬರುತ್ತಿದ್ದ ಕಾಲವದು. ಇಂಗ್ಲಿಷ್ ಬಾರದ ಎಷ್ಟೋ ಮನೆಗಳವರು ಅದನ್ನು ಓದಿಸಲು ಗುರುಮನೆಗೆ ಓಡಿ ಬರುತ್ತಿದ್ದರು. ಆಗಸ್ಟಾ ನೈಲೆಂಡ್ ಆ ಬೇಸಿಗೆಯಲ್ಲಿ ಬಾಗಿಲಿನ ಸದ್ದಿಗೆ ಹೇಗೆ ಬೆಚ್ಚಿರಬೇಕು!

ಈಗ ಗುರುಗಳ ವಿಷಯಕ್ಕೆ ಬರೋಣ. ವಂ. ಫ್ರಾನ್ಸಿಸ್ ಸ್ಯಾಂಪ್ಸನ್ ಅಯೋವಾ ರಾಜ್ಯದ ಚೆರೋಕೀ ಎಂಬ ಊರಿನವರು. 1912ರಲ್ಲಿ, ಫೆಬ್ರವರಿ 29ರಂದು ಹುಟ್ಟಿದವರು. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ! ನೋತ್ರ್ ದಾಮ್ ವಿಶ್ವವಿದ್ಯಾಲಯದಲ್ಲಿ ಓದಿ, 1941ರಲ್ಲಿ ಯಾಜಕದೀಕ್ಷೆ ಪಡೆದು, ಮರುವರ್ಷವೇ ಸೇನೆಯ ಗುರುವಾಗಿ ಸೇರಿದರು. ಪ್ಯಾರಾಚೂಟ್ ದಳಕ್ಕೆ ಹೆಸರು ಕೊಟ್ಟಾಗ, ಗುರುಗಳೂ ವಿಮಾನದಿಂದ ಧುಮುಕಬೇಕೆಂಬುದು ತಮಗೆ ತಿಳಿದಿರಲಿಲ್ಲವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ತಿಳಿದ ಮೇಲೂ ಹಿಂಜರಿಯಲಿಲ್ಲ.

ಜೂನ್ 6ರ ಆ ರಾತ್ರಿ ಅವರು ಬಿದ್ದದ್ದು ತಲೆ ಮುಳುಗುವಷ್ಟು ಆಳದ ನೀರಿನಲ್ಲಿ. ಮೈಗೆ ಬಿಗಿದ ಭಾರವನ್ನೆಲ್ಲ ಕತ್ತರಿಸಿ ಹಾಕಿದರು. ಗಾಳಿ ತುಂಬಿದ ಪ್ಯಾರಾಚೂಟ್ ಅವರನ್ನು ಎಳೆದುಕೊಂಡು ಹೋಗಿ ಆಳವಿಲ್ಲದ ಕಡೆಗೆ ಸೇರಿಸಿತು. ಸುತ್ತಲೂ ಗುಂಡಿನ ಮಳೆ. ಯಾರಾದರೂ ಆದರೆ ಪ್ರಾಣ ಉಳಿಯಿತೆಂದು ಓಡುತ್ತಿದ್ದರು. ಇವರು ತೆವಳಿಕೊಂಡು ಮೊದಲು ಬಿದ್ದ ಜಾಗಕ್ಕೆ ಹಿಂದಿರುಗಿ, ಮತ್ತೆ ಮತ್ತೆ ನೀರಿನಲ್ಲಿ ಮುಳುಗಿ, ಕಳೆದುಹೋಗಿದ್ದ ಬಲಿಪೂಜೆಯ ಪರಿಕರಗಳ ಚೀಲವನ್ನು ಹುಡುಕಿ ತೆಗೆದರು. ಇದನ್ನು ಹುಚ್ಚುಸಾಹಸ ಎನ್ನುವವರಿರಬಹುದು. ಬಲಿಪೂಜೆಯಿಲ್ಲದೆ ತಾವು ಅಲ್ಲಿ ಇರುವುದಾದರೂ ಏತಕ್ಕೆ ಎಂದು ಅವರಿಗೆ ಅನಿಸಿರಬೇಕು. ಬಂದೂಕಿಲ್ಲದೆ ಯುದ್ಧಭೂಮಿಯಲ್ಲಿ ನಿಂತ ಮನುಷ್ಯನ ಬಳಿ ಬೇರೇನಿದೆ?

ಸಂತ ತೋಮಸ್ ಅಕ್ವಿನಾಸರು ತಮ್ಮ ಬೃಹತ್ ಗ್ರಂಥ 'ಸುಮ್ಮಾ'ದಲ್ಲಿ ಯುದ್ಧದ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಪ್ರೀತಿಯ ಪ್ರಕರಣದಲ್ಲಿ ಎಂಬುದನ್ನು ಗುರುಮಠದಲ್ಲಿ ಮೊದಲು ಓದಿದಾಗ ನಮಗೆ ಆಶ್ಚರ್ಯವಾಗಿತ್ತು. ನ್ಯಾಯದ ಪ್ರಕರಣದಲ್ಲಿ ಅಲ್ಲವೇ ಅದು ಬರಬೇಕಾದದ್ದು? ಅಕ್ವಿನಾಸರ ದೃಷ್ಟಿ ಬೇರೆ. ಯುದ್ಧವು ಪ್ರೀತಿಗೆ ಮತ್ತು ಅದರ ಫಲವಾದ ಶಾಂತಿಗೆ ಎದುರಾದದ್ದು; ಆದ್ದರಿಂದ ಯುದ್ಧ ಎಂದಾದರೂ ಸಮರ್ಥನೀಯವೇ ಎಂಬುದನ್ನು ಅಲ್ಲಿಯೇ ವಿಚಾರಿಸಬೇಕು. ಅದೇ ಭಾಗದಲ್ಲಿ ಅವರು ಯಾಜಕರು ಆಯುಧ ಹಿಡಿಯಬಾರದೆಂದು ವಿಧಿಸುತ್ತಾರೆ. ಯುದ್ಧವೆಲ್ಲವೂ ಪಾಪವೆಂಬ ಕಾರಣಕ್ಕಲ್ಲ. ಬಲಿಪೀಠದಲ್ಲಿ ಕ್ರಿಸ್ತರ ರಕ್ತವನ್ನು ಅರ್ಪಿಸುವ ಕೈ ಇನ್ನೊಬ್ಬರ ರಕ್ತ ಹರಿಸಬಾರದು, ಬೇಕಾದರೆ ತನ್ನ ರಕ್ತ ಹರಿಸಲು ಸಿದ್ಧವಿರಬೇಕು ಎಂಬ ಕಾರಣಕ್ಕೆ. ಸ್ಯಾಂಪ್ಸನ್ ಗುರುಗಳು ಆ ಸಿದ್ಧತೆಯನ್ನು ಮರುದಿನಗಳಲ್ಲಿಯೇ ತೋರಿಸಬೇಕಾಗಿ ಬಂತು.

ಬಾಸ್ ಅಡ್ವಿಲ್ ಎಂಬ ಹಳ್ಳಿಯ ತೋಟದ ಮನೆಯೊಂದು ಗಾಯಾಳುಗಳ ಶುಶ್ರೂಷಾ ಕೇಂದ್ರವಾಗಿತ್ತು. ಅಮೆರಿಕನ್ನರು ಅಲ್ಲಿಂದ ಹಿಂದೆ ಸರಿಯಬೇಕಾದಾಗ, ಎದ್ದು ನಡೆಯಲಾರದವರನ್ನು ಬಿಟ್ಟು ಹೋಗಲೊಪ್ಪದೆ ಗುರುಗಳು ಅಲ್ಲಿಯೇ ಉಳಿದರು. ಜರ್ಮನ್ ಸೈನಿಕರು ಬಂದರು. ಅವರಲ್ಲಿ ಇಬ್ಬರು ಗುರುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಗುಂಡಿಕ್ಕಲು ಸಿದ್ಧರಾದರು. ಆ ಕ್ಷಣದಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಬೇಕೆಂದು ಗುರುಗಳು ಹವಣಿಸಿದರೂ ಭಯದಿಂದ ಅದು ನಾಲಿಗೆಗೆ ಬರಲಿಲ್ಲ. ಬಂದದ್ದು ಊಟಕ್ಕೆ ಮೊದಲು ಹೇಳುವ ಪ್ರಾರ್ಥನೆ! ಅದನ್ನೇ ಮತ್ತೆ ಮತ್ತೆ ಹೇಳುತ್ತ ನಿಂತಿದ್ದೆನೆಂದು ಅವರು ನಾಚಿಕೆಯಿಲ್ಲದೆ ಬರೆದಿದ್ದಾರೆ. ಅಷ್ಟರಲ್ಲಿ ಒಬ್ಬ ಜರ್ಮನ್ ಕಿರಿಯ ಅಧಿಕಾರಿ ಗಾಳಿಯಲ್ಲಿ ಗುಂಡು ಹಾರಿಸಿ ಅವರನ್ನು ತಡೆದನು. ತಾನೂ ಕಥೋಲಿಕನೆಂದು ತಿಳಿಸಿ, ಸಮವಸ್ತ್ರದ ಒಳಗೆ ಸಿಕ್ಕಿಸಿಕೊಂಡಿದ್ದ ಪವಿತ್ರ ಪದಕವನ್ನು ತೋರಿಸಿದನು. ವಿಚಾರಣೆಯ ನಂತರ ಗುರುಗಳನ್ನು ಗಾಯಾಳುಗಳ ಬಳಿಗೆ ಮರಳಿ ಬಿಡಲಾಯಿತು. ಈ ಸೇವೆಗಾಗಿ ಅಮೆರಿಕ ಸೇನೆಯ ಎರಡನೆಯ ಅತ್ಯುನ್ನತ ಶೌರ್ಯ ಪದಕ ಅವರಿಗೆ ಸಂದಿತು.

ಈ ಪ್ರಸಂಗವನ್ನು ನಾವು ಕೆಲವೊಮ್ಮೆ ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳಿಗೆ ಹೇಳುವುದುಂಟು. ಮಕ್ಕಳು ನಗುತ್ತಾರೆ. ನಾವೂ ನಗುತ್ತೇವೆ. ಆದರೆ ದಿನವೂ ಹೇಳಿ ಹೇಳಿ ರೂಢಿಯಾದ ಪ್ರಾರ್ಥನೆಯೇ ಕೊನೆಯ ಗಳಿಗೆಯಲ್ಲಿ ಬಾಯಿಗೆ ಬರುವುದೆಂಬುದನ್ನು ಸಾಯುವವರ ಹಾಸಿಗೆಯ ಬಳಿ ಕುಳಿತ ಯಾವ ಗುರುವೂ ಬಲ್ಲನು.

ಕೆಲವು ದಿನಗಳು ಕಳೆದವು. ಫ್ರಿಟ್ಜ್ ತನ್ನ ಅಣ್ಣ ಬಾಬ್‌ನ ಸಾವಿನ ಸುದ್ದಿಯನ್ನು ಕೇಳಿದ್ದನು. ಸೇಂತ್ ಮೇರ್ ಎಗ್ಲೀಸಿನಲ್ಲಿ ಅವನನ್ನು ಹೂಳಲಾಗಿದೆಯೆಂದೂ ತಿಳಿದಿತ್ತು. ಅಣ್ಣನ ಗೋರಿಯನ್ನು ನೋಡಬೇಕು, ಒಂದು ಪ್ರಾರ್ಥನೆ ಹೇಳಿಸಬೇಕು ಎಂದು ತನ್ನ ರೆಜಿಮೆಂಟಿನ ಗುರುಗಳ ಬಳಿ ಬಂದನು. ಗುರುಗಳು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಆ ಪಟ್ಟಣದ ಸುತ್ತಲೂ ಆಗ ಒಂದಕ್ಕಿಂತ ಹೆಚ್ಚು ತಾತ್ಕಾಲಿಕ ಸಮಾಧಿಭೂಮಿಗಳಿದ್ದವು. ಹೊಸದಾಗಿ ಅಗೆದ ಮಣ್ಣು, ಸಾಲು ಸಾಲಾಗಿ ನೆಟ್ಟ ಮರದ ಗುರುತುಗಳು, ಹೆಸರುಗಳ ಪಟ್ಟಿ. ಗುರುಗಳು ಪಟ್ಟಿಯನ್ನು ನೋಡಿದರು. ಹುಡುಕುತ್ತಿದ್ದ ಹೆಸರು ಅದರಲ್ಲಿ ಇರಲಿಲ್ಲ. ಆದರೆ ನೈಲೆಂಡ್ ಎಂಬ ಕುಲನಾಮದ ಬೇರೊಬ್ಬನ ಹೆಸರಿತ್ತು. ಅದನ್ನು ಓದಿ ಹೇಳಿದರು. ಅವನೂ ನನ್ನ ಅಣ್ಣನೇ ಎಂದನು ಫ್ರಿಟ್ಜ್.

ಆ ಮಾತು ಬಂದ ಗಳಿಗೆಯಲ್ಲಿ ಒಬ್ಬ ಗುರು ಏನು ಹೇಳಬೇಕು? ಮೂವತ್ತು ವರ್ಷಗಳಷ್ಟು ಹಿಂದೆ ದೀಕ್ಷೆ ಪಡೆದ ನಮಗೂ ಇದಕ್ಕೆ ಉತ್ತರ ತಿಳಿಯದು. ತತ್ತ್ವಶಾಸ್ತ್ರದ ತರಗತಿಯಲ್ಲಿ ಕೆಡುಕಿನ ಸಮಸ್ಯೆಯ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೇವೆ. ಅಂತಹ ಸಮಾಧಿಭೂಮಿಯಲ್ಲಿ ಅದರ ಒಂದು ಸಾಲೂ ಕೆಲಸಕ್ಕೆ ಬಾರದು. ಸ್ಯಾಂಪ್ಸನ್ ಗುರುಗಳು ಅವನೊಡನೆ ಮೊಣಕಾಲೂರಿ ಪ್ರಾರ್ಥಿಸಿ, ಅನಂತರ ಇನ್ನೊಂದು ಸಮಾಧಿಭೂಮಿಗೆ ಕರೆದೊಯ್ದು, ಮೊದಲು ಹುಡುಕಿ ಹೊರಟಿದ್ದ ಅಣ್ಣನ ಗೋರಿಯನ್ನೂ ತೋರಿಸಿದರು. ದೊಡ್ಡಣ್ಣ ಎಡ್ವರ್ಡ್ ಬರ್ಮಾದಲ್ಲಿ ಕಾಣೆಯಾಗಿರುವ ಸಂಗತಿಯೂ ಹೊರಬಂತು. ಕಾಣೆಯಾದವನು ಸತ್ತನೆಂದೇ ಆಗ ಎಲ್ಲರ ನಂಬಿಕೆ. ಅಲ್ಲಿಗೆ ಉಳಿದ ಒಬ್ಬನೇ ಮಗ ಈ ಫ್ರಿಟ್ಜ್.

ಗುರುಗಳು ಮಾಡಿದ್ದು ಬಹಳ ಸಾಮಾನ್ಯವಾದ ಕೆಲಸ. ಅವರು ಕುಳಿತು ಕಾಗದಪತ್ರಗಳನ್ನು ಬರೆದರು. ಮೇಲಧಿಕಾರಿಗಳಿಗೆ ಅರ್ಜಿ ಹೋಯಿತು. ಫ್ರಿಟ್ಜ್ ಮೊದಲು ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಕಳುಹಿಸಲ್ಪಟ್ಟನು. ಸಂಗಡಿಗರನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿರಲಿಲ್ಲವೆಂದು ಹೇಳಲಾಗುತ್ತದೆ. ಯುದ್ಧ ಮುಗಿಯುವವರೆಗೆ ಅವನು ನ್ಯೂಯಾರ್ಕಿನಲ್ಲಿ ಸೇನಾ ಪೊಲೀಸನಾಗಿ ಸೇವೆ ಸಲ್ಲಿಸಿದನು. ಜ್ಞಾನಸ್ನಾನದ ಪ್ರಮಾಣಪತ್ರ, ವಿವಾಹದ ನೋಂದಣಿ, ಪಿಂಚಣಿಯ ಅರ್ಜಿಗೆ ಸಾಕ್ಷಿ ಎಂದು ದಿನವಿಡೀ ಸಹಿ ಹಾಕುತ್ತ, ಇದಕ್ಕಾಗಿಯೇ ನಾವು ಗುರುಗಳಾದದ್ದೇ ಎಂದು ಗೊಣಗುವ ನಮ್ಮಂಥವರಿಗೆ ಈ ಭಾಗವನ್ನು ಓದುವಾಗ ಸ್ವಲ್ಪ ನಾಚಿಕೆಯಾಗುತ್ತದೆ.

ಇಂತಹ ಅರ್ಜಿಗೆ ಕಿವಿಗೊಡುವ ಮನಸ್ಸು ಅಮೆರಿಕದ ಅಧಿಕಾರಿಗಳಿಗೆ ಬಂದದ್ದಕ್ಕೆ ಹಿಂದಿನ ಒಂದು ದುರಂತವೂ ಕಾರಣವಾಗಿತ್ತು. ಸ್ಯಾಂಪ್ಸನ್ ಗುರುಗಳದೇ ಅಯೋವಾ ರಾಜ್ಯದ ವಾಟರ್ಲೂ ಪಟ್ಟಣದ ಸಲಿವನ್ ಎಂಬ ಕಥೋಲಿಕ ಕುಟುಂಬದ ಐವರು ಗಂಡುಮಕ್ಕಳು, ತಾವು ಒಂದೇ ಹಡಗಿನಲ್ಲಿರಬೇಕೆಂಬ ಷರತ್ತಿನೊಡನೆ ನೌಕಾದಳಕ್ಕೆ ಸೇರಿದ್ದರು. ತಂದೆ ರೈಲ್ವೆ ನೌಕರ. 1942ರ ನವೆಂಬರ್ 13ರಂದು ಗ್ವಾಡಲ್‌ಕೆನಾಲ್ ದ್ವೀಪದ ಬಳಿ 'ಜೂನೋ' ಎಂಬ ಆ ಹಡಗಿಗೆ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಐವರಲ್ಲಿ ಒಬ್ಬನೂ ಮರಳಲಿಲ್ಲ. ಹಡಗು ಮುಳುಗಿದಾಗ ಸುಮಾರು ನೂರು ಮಂದಿ ಜೀವಂತವಾಗಿ ನೀರಿನಲ್ಲಿದ್ದರು. ದಿನಗಟ್ಟಲೆ ಯಾರೂ ಬಾರದೆ ಅವರಲ್ಲಿ ಹತ್ತು ಮಂದಿ ಮಾತ್ರ ಉಳಿದರು. ಅಂದಿನ ಜಗದ್ಗುರು ಹನ್ನೆರಡನೆಯ ಪಿಯೂಸರು ಆ ತಂದೆತಾಯಿಗಳಿಗೆ ಬೆಳ್ಳಿಯ ಪದಕವನ್ನೂ ಜಪಸರವನ್ನೂ ಕಳುಹಿಸಿಕೊಟ್ಟರು. ಮನೆಯ ಮಕ್ಕಳೆಲ್ಲರನ್ನೂ ಯುದ್ಧ ನುಂಗಬಾರದೆಂಬ ವಿಚಾರ ಆ ಬಳಿಕ ಬಲಗೊಂಡು, 1948ರಲ್ಲಿ ಅಮೆರಿಕದ ಕಾನೂನಿನಲ್ಲಿಯೇ ಸೇರಿತು.

ಕಾನೂನು ಹೊಸದಾದರೂ ವಿಚಾರ ಹಳೆಯದು. ಆದಿಕಾಂಡದಲ್ಲಿ ಮುದುಕನಾದ ಯಕೋಬನು ಬೆನ್ಯಮೀನನನ್ನು ಈಜಿಪ್ಟಿಗೆ ಕಳುಹಿಸಲು ಒಪ್ಪುವುದಿಲ್ಲ. ಯೋಸೇಫನು ಹೋದ, ಸಿಮೆಯೋನನು ಸೆರೆಯಲ್ಲಿದ್ದಾನೆ, ಇವನನ್ನೂ ಕಳೆದುಕೊಳ್ಳಲೇ ಎಂಬುದು ಅವನ ಸಂಕಟ. ಬರಗಾಲ ಬಿಗಿಯಾಗಿ ಮನೆಮಂದಿಯೆಲ್ಲ ಹಸಿದಾಗ ಮಾತ್ರ ಅವನು ಒಪ್ಪುತ್ತಾನೆ. ಅವನು ಸತ್ತನೆಂದು ನಂಬಿದ್ದ ಯೋಸೇಫನು ಬದುಕಿಯೇ ಇದ್ದನು. ನೈಲೆಂಡ್ ಕುಟುಂಬದ ಕಥೆಯಲ್ಲಿಯೂ ಅಂತಹ ಒಂದು ತಿರುವು ಇದೆ. ಅದಕ್ಕೆ ಮುನ್ನ ಒಂದು ಅಹಿತವಾದ ಪ್ರಶ್ನೆಯನ್ನು ಎತ್ತದೆ ವಿಧಿಯಿಲ್ಲ.

ಫ್ರಿಟ್ಜ್‌ನನ್ನು ಮನೆಗೆ ಕಳುಹಿಸಿದ್ದು ನ್ಯಾಯವೇ? ಅವನು ಬಿಟ್ಟುಬಂದ ಕಂದಕದಲ್ಲಿ ಇನ್ನೊಬ್ಬ ತಾಯಿಯ ಮಗ ನಿಲ್ಲಲೇಬೇಕಿತ್ತು. ಟೋನವಾಂಡದವನೇ ಆದ, ಫ್ರಿಟ್ಜ್‌ನ ಗೆಳೆಯ ವಾರನ್ ಮುಕ್ ಅದೇ 101ನೆಯ ಡಿವಿಷನ್ನಿನಲ್ಲಿದ್ದನು. ಅವನು ಮನೆಗೆ ಬರಲಿಲ್ಲ. 1945ರ ಜನವರಿ 10ರಂದು ಬೆಲ್ಜಿಯಮ್ಮಿನ ಫೊಯ್ ಎಂಬ ಹಳ್ಳಿಯ ಬಳಿಯ ಕಾಡಿನಲ್ಲಿ ಶೆಲ್ ಬಿದ್ದು ಸತ್ತನು. ಒಂದೇ ಊರು, ಒಂದೇ ಡಿವಿಷನ್, ಒಬ್ಬನ ತಾಯಿಗೆ ಮಗ ಸಿಕ್ಕಿದ, ಇನ್ನೊಬ್ಬನ ತಾಯಿಗೆ ಸಿಗಲಿಲ್ಲ. ಎಲ್ಲರಿಗೂ ಸಮಪಾಲು ಎಂಬುದನ್ನೇ ನ್ಯಾಯವೆಂದು ಹಿಡಿದರೆ ಸ್ಯಾಂಪ್ಸನ್ ಗುರುಗಳ ಅರ್ಜಿ ನಿಲ್ಲದು. ಆದರೆ ಭಾರ ಹೊರುವವನ ಬೆನ್ನಿನ ಮೇಲೆ ಈಗಾಗಲೇ ಎಷ್ಟಿದೆ ಎಂದು ನೋಡಿ ಮುಂದಿನ ಹೊರೆಯನ್ನು ಹಂಚುವುದೂ ನ್ಯಾಯದ ಒಂದು ಬಗೆಯೇ; ಹಂಚಿಕೆಯ ನ್ಯಾಯವೆಂದು ಅರಿಸ್ಟಾಟಲನ ಕಾಲದಿಂದಲೂ ಅದಕ್ಕೆ ಹೆಸರಿದೆ. ನಮ್ಮ ಮಟ್ಟಿಗೆ ಆ ಅರ್ಜಿ ಸರಿಯೆಂದೇ ತೋರುತ್ತದೆ. ಆದರೂ ಮುಕ್‌ನ ತಾಯಿ ಎದುರಿಗೆ ಬಂದು ನಿಂತರೆ ಈ ಮಾತನ್ನು ಅಷ್ಟೇ ಧೈರ್ಯದಿಂದ ಹೇಳಬಲ್ಲೆವೆಂದು ನಾವು ಆಣೆಯಿಡಲಾರೆವು.

ಇನ್ನೊಂದು ಪ್ರಶ್ನೆಯೂ ಇದೆ. ಸ್ಯಾಂಪ್ಸನ್ ಗುರುಗಳು ಮುಂದೆ ಕೊರಿಯಾ ಯುದ್ಧದಲ್ಲಿಯೂ ಪ್ಯಾರಾಚೂಟಿನಿಂದ ಧುಮುಕಿದರು; 1967ರಿಂದ 1971ರವರೆಗೆ ಮೇಜರ್ ಜನರಲ್ ಹುದ್ದೆಯಲ್ಲಿ ಅಮೆರಿಕ ಸೇನೆಯ ಗುರುಗಳೆಲ್ಲರ ಮುಖ್ಯಸ್ಥರಾಗಿದ್ದರು. ಅವು ವಿಯೆಟ್ನಾಂ ಯುದ್ಧದ ವರ್ಷಗಳು. ಸಮವಸ್ತ್ರ ತೊಟ್ಟ ಗುರು ಸೈನಿಕನಿಗೆ ಸಾಂತ್ವನ ನೀಡುತ್ತಾನೆಯೋ ಅಥವಾ ಯುದ್ಧಕ್ಕೇ ಆಶೀರ್ವಾದ ನೀಡುತ್ತಾನೆಯೋ ಎಂದು ಆಗ ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ದಸ್ತಾವೇಜಿನಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುವ ಸೈನಿಕರನ್ನು ಜನಗಳ ಭದ್ರತೆ ಮತ್ತು ಸ್ವಾತಂತ್ರ್ಯದ ಸೇವಕರೆಂದು ಗೌರವಿಸಿತು. ಅದೇ ಉಸಿರಿನಲ್ಲಿ ನಗರಗಳನ್ನು ಇಡಿಯಾಗಿ ನಾಶಮಾಡುವ ಯುದ್ಧವನ್ನು ದೇವರಿಗೂ ಮಾನವನಿಗೂ ಎಸಗಿದ ಅಪರಾಧವೆಂದು ಖಂಡಿಸಿತು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ನಮ್ಮ ಭಾರತೀಯ ಸೇನೆಯಲ್ಲಿಯೂ ಪಂಡಿತ, ಗ್ರಂಥಿ, ಮೌಲವಿಗಳ ಜೊತೆಗೆ ಪಾದ್ರಿಯ ಹುದ್ದೆಯುಂಟು. ಅವರೂ ಈ ಇಕ್ಕಟ್ಟನ್ನು ಬಲ್ಲರು.

ಸ್ಯಾಂಪ್ಸನ್ ಗುರುಗಳಿಗೆ ಯುದ್ಧದ ಇನ್ನೊಂದು ಮುಖವೂ ಪರಿಚಯವಾಯಿತು. 1944ರ ಡಿಸೆಂಬರಿನಲ್ಲಿ ಬಾಸ್ತೋನ್ ಕಾಳಗದ ವೇಳೆ ಅವರು ಮತ್ತೆ ಸೆರೆಸಿಕ್ಕು, ಬರ್ಲಿನ್ನಿನ ಉತ್ತರಕ್ಕಿರುವ ನಾಯ್‌ಬ್ರಾಂಡನ್‌ಬುರ್ಗ್ ಎಂಬಲ್ಲಿನ ಸೆರೆಶಿಬಿರ ಸೇರಿದರು. ಹಸಿವು, ಚಳಿ, ಕಾಯಿಲೆಗಳ ನಡುವೆ ಸೈನಿಕರೊಡನೆಯೇ ಇದ್ದು, ಸೋವಿಯತ್ ಪಡೆಗಳು ಬಂದ ಮೇಲೆ 1945ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆ ಹೊಂದಿದರು.

ಅದೇ ದಿನಗಳಲ್ಲಿ ಪೂರ್ವದಲ್ಲಿಯೂ ಸೆರೆಯ ಬಾಗಿಲುಗಳು ತೆರೆಯುತ್ತಿದ್ದವು. 1945ರ ಮೇ ಮೊದಲ ವಾರದಲ್ಲಿ ನಮ್ಮ 26ನೆಯ ಭಾರತೀಯ ಡಿವಿಷನ್ ಸಮುದ್ರ ಮಾರ್ಗವಾಗಿ ಬಂದು ರಂಗೂನನ್ನು ಪ್ರವೇಶಿಸಿತು. ಜಪಾನಿಯರು ಅಷ್ಟರಲ್ಲಿ ನಗರವನ್ನು ತೊರೆದಿದ್ದರು. ಆ ಬರ್ಮಾ ರಣರಂಗದ ಹೆಸರು ಬಂದಾಗ ಕೊಡಗಿನವರಾದ ಜನರಲ್ ತಿಮ್ಮಯ್ಯನವರ ನೆನಪಾಗದಿರದು. ಬಾಲ್ಯದಲ್ಲಿ ಕೂನೂರಿನ ಸಂತ ಜೋಸೆಫರ ಶಾಲೆಯಲ್ಲಿ ಐರಿಷ್ ಸಹೋದರರ ಕೈಕೆಳಗೆ ಓದಿದ ಅವರು, 1945ರ ಜನವರಿಯಲ್ಲಿ ಅರಕಾನಿನ ಕಾಂಗಾವ್ ಕಾಳಗದಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಒಂದನ್ನು ಮುನ್ನಡೆಸಿದ್ದರು. ಆ ಯುದ್ಧದಲ್ಲಿ ಮಡಿದು ಗೋರಿಯೂ ದೊರೆಯದ ಸುಮಾರು 27,000 ಸೈನಿಕರ ಹೆಸರುಗಳು ರಂಗೂನಿನ ಹೊರವಲಯದ ತೌಕ್ಯಾನ್ ಸ್ಮಾರಕದ ಕಂಬಗಳ ಮೇಲೆ ಕೆತ್ತಲ್ಪಟ್ಟಿವೆ. ಅವರಲ್ಲಿ ಬಹುಪಾಲು ನಮ್ಮ ದೇಶದವರು. ಅವರ ತಾಯಂದಿರಿಗಾಗಿ ಯಾರೂ ಚಲನಚಿತ್ರ ತೆಗೆಯಲಿಲ್ಲ.

ಅದೇ ಮೇ ತಿಂಗಳಿನಲ್ಲಿ, ಸತ್ತನೆಂದೇ ಎಲ್ಲರೂ ನಂಬಿದ್ದ ಎಡ್ವರ್ಡ್ ನೈಲೆಂಡ್ ಬರ್ಮಾದ ಸೆರೆಯಿಂದ ಜೀವಂತನಾಗಿ ಹೊರಬಂದನು. ಸುಮಾರು ಒಂದು ವರ್ಷದ ಸೆರೆವಾಸದಿಂದ ಮೂಳೆ ಚಕ್ಕಳವಾಗಿದ್ದರೂ ಟೋನವಾಂಡದ ಮನೆಗೆ ಮರಳಿದನು. ನಾಲ್ವರನ್ನು ಕಳುಹಿಸಿದ ತಾಯಿಗೆ ಇಬ್ಬರು ಸಿಕ್ಕಿದರು. ಒಬ್ಬನೇ ಉಳಿದನೆಂದು ಗುರುಗಳು ಬರೆದ ಅರ್ಜಿ, ಹೀಗೆ, ನಿಜಕ್ಕೂ ತಪ್ಪಾಗಿತ್ತು. ಆ ತಪ್ಪಿನ ಬಗ್ಗೆ ಆಗಸ್ಟಾ ಎಂದೂ ದೂರಿರಲಾರಳು. ಎಡ್ವರ್ಡ್ ಅದೇ ಊರಿನಲ್ಲಿ ಬಾಳಿ 1984ರಲ್ಲಿ ತೀರಿಕೊಂಡನು. ಫ್ರಿಟ್ಜ್ ಅವನಿಗಿಂತ ಕೆಲವೇ ತಿಂಗಳು ಮೊದಲು, 1983ರ ಡಿಸೆಂಬರಿನಲ್ಲಿ. ಸ್ಯಾಂಪ್ಸನ್ ಗುರುಗಳು 1996ರ ಜನವರಿಯಲ್ಲಿ ದೈವಾಧೀನರಾದರು. ಚಿತ್ರ ತೆರೆಗೆ ಬರಲು ಇನ್ನೂ ಎರಡು ವರ್ಷಗಳಿದ್ದವು.

ಬಾಬ್ ಮತ್ತು ಪ್ರೆಸ್ಟನ್‌ರ ದೇಹಗಳನ್ನು ಯುದ್ಧಾನಂತರ ಆ ತಾತ್ಕಾಲಿಕ ಸಮಾಧಿಭೂಮಿಗಳಿಂದ ತೆಗೆದು ಕಡಲಿಗೆ ಮುಖಮಾಡಿದ ಕೋಲ್‌ವಿಲ್ ಸುರ್ ಮೇರ್ ಎಂಬಲ್ಲಿಗೆ ಒಯ್ಯಲಾಯಿತು. ಅಲ್ಲಿ 9,380ಕ್ಕೂ ಹೆಚ್ಚು ಗೋರಿಗಳಿವೆ. ಪ್ರಾಣ ತೆತ್ತ ಸಹೋದರರ ಜೋಡಿಗಳು ನಲವತ್ತಕ್ಕೂ ಹೆಚ್ಚು. ಪ್ರೆಸ್ಟನ್‌ನ ಡಿವಿಷನ್ನಿನೊಡನೆ ಯೂಟಾ ತೀರದಲ್ಲಿ ಇಳಿದ ಜನರಲ್ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅಲ್ಲಿಯೇ ಇದ್ದಾರೆ, ಮೊದಲನೆಯ ಮಹಾಯುದ್ಧದಲ್ಲಿ ಸತ್ತ ತಮ್ಮ ಕ್ವೆಂಟಿನ್‌ನ ಪಕ್ಕದಲ್ಲಿ. 1944ರಲ್ಲಿ ಎರಡು ಬೇರೆ ಬೇರೆ ಸಮಾಧಿಭೂಮಿಗಳಲ್ಲಿ ಹುಡುಕಬೇಕಾಗಿ ಬಂದ ನೈಲೆಂಡ್ ಸಹೋದರರ ಗೋರಿಗಳು ಈಗ ಒಂದೇ ಸಾಲಿನಲ್ಲಿ ಅಕ್ಕಪಕ್ಕದಲ್ಲಿವೆ. ಬಿಳಿಯ ಅಮೃತಶಿಲೆಯ ಆ ಎರಡು ಶಿಲುಬೆಗಳು, ಅಲ್ಲಿನ ಉಳಿದೆಲ್ಲ ಗೋರಿಕಲ್ಲುಗಳಂತೆ, ಪಶ್ಚಿಮಕ್ಕೆ, ಸಮುದ್ರದಾಚೆಯ ಅವರ ಊರಿನ ದಿಕ್ಕಿಗೆ ಮುಖಮಾಡಿ ನಿಂತಿವೆ.